ನೂರೈವತ್ತು ರೂಪಾಯಿ ಕೀಲಿ, ಜೋಡುನಳಿಗೆ ಬಂದೂಕು

ಪರದೆ ಮೇಲೆ ಕೀಲಿ ಒಡೆಯೋದು ಎಷ್ಟು ಸಲೀಸು ನೋಡಿ! ಗೋದಾಮಿನ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಕೀಲಿ. ನಾಯಕ ಓಡಿ ಬರುತ್ತಾನೆ, ಒಂದೇ ಗುಂಡು, ಢಂ! ಕೀಲಿ ಕೆಳಗೆ, ನಾಯಕಿ ತೋಳಿನಲ್ಲಿ. ನಿಜದಲ್ಲಿ ಹಾಗೆ ಮಾಡಿದರೆ ಸಿಡಿದ ಸೀಸ ಹೊಡೆದವನ ಕಣ್ಣಿಗೇ ಬರಬಹುದು, ಆ ಮಾತು ಬೇರೆ. 'ಜೇಡರ ಬಲೆ'ಯಿಂದ (1968) 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ (1978) ಅಣ್ಣಾವ್ರು ಸಿ.ಐ.ಡಿ. 999 ಆಗಿ ಪಿಸ್ತೂಲು ಹಿಡಿದಾಗ ನಮ್ಮ ಅಪ್ಪಂದಿರು ಸೀಟಿ ಹೊಡೆದರು. ಅದೇ ಚಿತ್ರಗಳನ್ನು ಈಗ ಮತ್ತೆ ನೋಡಿ ನಾವೂ ಹೊಡೆಯುತ್ತೇವೆ. ಬಂದೂಕಿನಿಂದ ಕೀಲಿ ಒಡೆಯುವ ನೂರು ಸೀನು ನೆನಪಿದೆ. ಬಂದೂಕಿಗೇ ಕೀಲಿ ಹಾಕುವ ಒಂದಾದರೂ ಸೀನು ನೆನಪಿದೆಯಾ, ಮಿತ್ರರೇ? ನನಗಂತೂ ಇಲ್ಲ. ಅದರಲ್ಲಿ ಏನು ಥ್ರಿಲ್ಲು ಅಂತ ಕೇಳಬಹುದು. ಥ್ರಿಲ್ಲು ಇದೆ. ನಮ್ಮ ಮನೆಯಲ್ಲಿ ಅದರ ಮೇಲೆ ಒಂದು ಬೇಸಿಗೆಯೇ ನಿಂತಿತ್ತು.

ನಮ್ಮ ದೊಡ್ಡಪ್ಪನ ಹೊಲ ಮಸ್ಕಿ ಕಡೆ. ಅಶೋಕ ಅಂತ ರಾಜನ ಹೆಸರೇ ಕೆತ್ತಿದ ಶಾಸನ 1915ರಲ್ಲಿ ಸಿಕ್ಕಿತಲ್ಲ, ಅದೇ ಮಸ್ಕಿ. ಯುದ್ಧ ಬಿಟ್ಟ ರಾಜನ ಊರಲ್ಲಿ ನಮ್ಮ ದೊಡ್ಡಪ್ಪ ಬಂದೂಕು ಬಿಟ್ಟಿಲ್ಲ! ನಮ್ಮ ಸಿಂಧನೂರಿನ ಹಾಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ ಅಲ್ಲ ಅವರದು. ಮಳೆ ನಂಬಿದ ಜೋಳ, ತೊಗರಿ, ಶೇಂಗಾ. ಗುಡ್ಡದಿಂದ ಹಂದಿ ಇಳಿದರೆ ಒಂದೇ ರಾತ್ರಿಗೆ ಶೇಂಗಾ ಹೊಲ ಅಗೆದು ಹಾಕಿದಂಗ ಆಗತದೆ. ಬೆಳೆ ಕಾಯಲಿಕ್ಕೆ ಲೈಸೆನ್ಸಿನ ಜೋಡುನಳಿಗೆ ಬಂದೂಕು. ಅವರು ಹಾರಿಸಿದ್ದೆಲ್ಲ ಆಕಾಶಕ್ಕೆ, ಬರೀ ಸದ್ದಿಗೆ. ಉಳಿದ ದಿನ ಅದು ಒಳಕೋಣೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುತ್ತಿತ್ತು.

ಚುನಾವಣೆ ಬಂದರೆ ಮಾತ್ರ ಠಾಣೆಗೆ ಹೋಗಿ ಒಪ್ಪಿಸಬೇಕು. 2018ರಲ್ಲಿ ವಿಧಾನಸಭೆ, 2021ರಲ್ಲಿ ಉಪಚುನಾವಣೆ, 2023ರಲ್ಲಿ ಮತ್ತೆ ವಿಧಾನಸಭೆ. ಐದೇ ವರ್ಷದಲ್ಲಿ ಮೂರು ಸಲ! ದೊಡ್ಡಪ್ಪ ಗೊಣಗುತ್ತಿದ್ದರು: "1857ರಾಗ ಹಲಗಲಿ ಬ್ಯಾಡರು ಹತಾರ ಕೊಡಲ್ಲ ಅಂತ ಜೀವಾನ ಕೊಟ್ರು. ನಾನು ನೋಡಪಾ, ರಸೀದಿ ಇಸಗೊಂಡು ಬರ್ತೀನಿ." ನನಗೆ ಅನಿಸುತ್ತಿತ್ತು, ಬಂದೂಕು ನಿಜವಾಗಿ ಭದ್ರವಾಗಿ ಇರೋದು ಆ ದಿನಗಳಲ್ಲೇ.

ಇನ್ನು ಲಿಂಗಸುಗೂರಿನ ಅಕ್ಕ. ಅವಳ ಮಗನಿಗೆ ಒಂಬತ್ತು ವರ್ಷ. ಸಿನಿಮಾ ಹುಚ್ಚು ರಕ್ತದಲ್ಲೇ ಬಂದಿದೆ, ಯಾರ ಕಡೆಯಿಂದ ಅಂತ ಹೇಳಬೇಕಾಗಿಲ್ಲ! ಪ್ರತಿ ಬೇಸಿಗೆ ರಜೆಗೆ ದೊಡ್ಡಪ್ಪನ ಮನೆಗೆ ಬರುತ್ತಾನೆ, ಕೈಗೆ ಸಿಕ್ಕ ಕಟ್ಟಿಗೆಯೆಲ್ಲ ಮೆಷಿನ್ ಗನ್ನು. ಹೋದ ವರ್ಷ ಅಕ್ಕ ಫೋನಿನಲ್ಲಿ ಕಡ್ಡಿ ಮುರಿದಂಗ ಹೇಳಿದಳು: "ದೊಡ್ಡಪ್ಪ, ಆ ಬಂದೂಕಿಗೆ ಕೀಲಿ ಬೀಳಬೇಕು. ಇಲ್ಲಾಂದ್ರ ಈ ಸಲ ಹುಡುಗನ್ನ ಕಳಸಂಗಿಲ್ಲ." ದೊಡ್ಡಪ್ಪನ ಮುಖ ಸಣ್ಣದಾಯಿತು. ಮರುದಿನವೇ ನೂರೈವತ್ತು ರೂಪಾಯಿ ಕೊಟ್ಟು ಒಂದು ಕೀಲಿ ತರಿಸಿದರು: ಎರಡು ಹೋಳು, ಕುದುರೆಯ ಆಕಡೆ ಈಕಡೆ ಕಚ್ಚಿಕೊಂಡು ಬೆರಳು ಒಳಗೆ ಹೋಗದಂತೆ ತಡೆಯುವ ಜಾತಿ. ಅಕ್ಕನ ಎರಡನೇ ಪ್ರಶ್ನೆ ಬಂತು: "ನೂರೈವತ್ತು ರೂಪಾಯಿ ಕೀಲಿ ನನ್ನ ಮಗನ್ನ ಕಾಯತದೇನು?" ಉತ್ತರ ಹುಡುಕೋ ಕೆಲಸ ನನ್ನ ಪಾಲಿಗೆ.

ಬರೀ ಕೀಲಿ ಜೇಬಿಗೆ ಹಾಕಿಕೊಂಡು ಸಿಂಧನೂರಿನಲ್ಲಿ ಕೀಲಿಕೈ ಮಾಡುವ ಚಾಚಾನ ಹತ್ತಿರ ಹೋದೆ. ಅವರು ಕೀಲಿಯನ್ನು ಅಂಗೈಯಲ್ಲಿ ತೂಗಿದರು. ಡಬ್ಬಿಯಿಂದ ಹಳೆ ಕೀಲಿಕೈ ಮೂರು ತೆಗೆದರು. ಮೊದಲನೆಯದು ಹತ್ತಲಿಲ್ಲ. ಎರಡನೆಯದು ತಿರುಗಿತು, ಟಕ್! ನನ್ನ ಚಹಾ ಇನ್ನೂ ಅರ್ಧ ಕಪ್ಪು ಉಳಿದಿತ್ತು. "ನೀ ಕೊಟ್ಟ ರೊಕ್ಕ ಕೀಲಿಗಲ್ಲ ತಮ್ಮಾ, ಮ್ಯಾಲಿನ ಬಣ್ಣಕ್ಕ" ಅಂದರು. ಒಳಗೆ ಸತುವಿನ ಎರಕ, ಎರಡು ಮೂರು ತೆಳುವಾದ ಪತ್ತಿ. ಅಷ್ಟೇ ಸಾಮಾನಿನಲ್ಲಿ ಎಷ್ಟು ನಮೂನೆ ಕೀಲಿಕೈ ಮಾಡಲಿಕ್ಕಾದೀತು? ಹೀಗಾಗಿ ಒಬ್ಬರ ಕೀಲಿಗೆ ಇನ್ನೊಬ್ಬರ ಕೀಲಿಕೈ ಹತ್ತುತ್ತದೆ.

ಇದು ನಮ್ಮ ಬಡ ಸೀಮೆಯ ಕಥೆ ಮಾತ್ರ ಅಂತ ತಿಳೀಬೇಡಿ. ಮನೆಮನೆಯಲ್ಲೂ ಬಂದೂಕು ಇರುವ ಅಮೆರಿಕದಲ್ಲಿ, ಗ್ರಾಹಕ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಆಯೋಗ 32 ಬಗೆಯ ಬಂದೂಕು ಕೀಲಿಗಳನ್ನು ಪರೀಕ್ಷೆ ಮಾಡಿತು. 30 ಕೀಲಿಗಳು ಕೀಲಿಕೈ ಇಲ್ಲದೆ ತೆರೆದುಕೊಂಡವು! 2001ರಲ್ಲಿ, ಜನರಿಗೆ ಪುಕ್ಕಟೆ ಹಂಚಿದ್ದ ಸುಮಾರು 4 ಲಕ್ಷ ಕೀಲಿಗಳನ್ನು ವಾಪಸು ಕರೆಸಬೇಕಾಯಿತು.

ಹಾಗಾದರೆ ಅಗ್ಗದ ಕೀಲಿ ದಂಡವೇ? ತಡೀರಿ. ಕೀಲಿ ಯಾರಿಗೆ ಅಂತ ಮೊದಲು ಕೇಳಬೇಕು. ಕಳ್ಳನಿಗೆ ಅಂದರೆ ಅದು ದಂಡವೇ. ಅವನು ಬಂದೂಕು ಕೀಲಿ ಎರಡನ್ನೂ ಹೆಗಲ ಮೇಲೆ ಹಾಕಿಕೊಂಡು ಹೋಗಿ, ಮನೆಯಲ್ಲಿ ಆರಾಮಾಗಿ ಕೂತು ಕೊಯ್ಯುತ್ತಾನೆ. ನಾಲ್ಕು ವರ್ಷದ ಕೂಸಿಗೆ ಅಂದರೆ ಬಹಳ ಮಟ್ಟಿಗೆ ಸಾಕು. ಒಂಬತ್ತು ವರ್ಷದ ತುಂಟನಿಗೆ? ಅವನು ಕೀಲಿ ಒಡೆಯೋದೇ ಇಲ್ಲ. ಕೀಲಿಕೈ ದೇವರ ಪಟದ ಹಿಂದೆ ಇದೆ ಅಂತ ಅವನಿಗೆ ನಿಮಗಿಂತ ಮೊದಲೇ ಗೊತ್ತು!

ಈ ಕೀಲಿಕೈ ಸಂಗತಿ ಸಣ್ಣದಲ್ಲ. ಶ್ರೀಲಂಕಾದ 180 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ರೈತರ ಮನೆಗಳಿಗೆ ಕ್ರಿಮಿನಾಶಕ ಇಡಲಿಕ್ಕೆ ಕೀಲಿ ಇರುವ ಪೆಟ್ಟಿಗೆ ಕೊಟ್ಟರು, ದುಃಖದಲ್ಲೋ ಸಿಟ್ಟಿನಲ್ಲೋ ಯಾರೂ ಕೈ ಹಾಕದಿರಲಿ ಅಂತ. 2017ರಲ್ಲಿ ಫಲಿತಾಂಶ ಬಂತು: ಪೆಟ್ಟಿಗೆಯಿಂದ ಸಾವುನೋವು ಕಡಿಮೆ ಆಗಲಿಲ್ಲ. ಕಡಿಮೆ ಆದದ್ದು ಅತಿ ಘೋರ ವಿಷಗಳನ್ನು ಅಲ್ಲಿನ ಸರ್ಕಾರ ನಿಷೇಧಿಸಿದಾಗ. ಭತ್ತಕ್ಕೆ ಔಷಧಿ ಹೊಡೆಯುವ ನಮ್ಮ ಸಿಂಧನೂರಿನವರು ಇದನ್ನು ಎರಡು ಸಲ ಓದಬೇಕು. ಕೀಲಿ ಒಳಗೆ ಏನಿದೆ, ಕೀಲಿಕೈ ಯಾರ ಹತ್ತಿರ ಇದೆ, ಇವೆರಡೇ ಪ್ರಶ್ನೆ.

ಚಿತ್ರರಂಗವೇ ಇದಕ್ಕೆ ದೊಡ್ಡ ಬೆಲೆ ತೆತ್ತಿದೆ. ಬ್ರೂಸ್ ಲೀ ಮಗ ಬ್ರಾಂಡನ್ ಲೀ 1993ರಲ್ಲಿ 'ದಿ ಕ್ರೋ' ಚಿತ್ರೀಕರಣದಲ್ಲೇ ತೀರಿಹೋದ. ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಯಾರೂ ನೋಡಿರಲಿಲ್ಲ. 2021ರ ಅಕ್ಟೋಬರ್ 21ರಂದು 'ರಸ್ಟ್' ಚಿತ್ರದ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಗುಂಡಿಗೆ ಬಲಿಯಾದರು. ಆವತ್ತು ಊಟದ ಹೊತ್ತಿನಲ್ಲಿ ಬಂದೂಕುಗಳನ್ನು ತಿಜೋರಿಯಲ್ಲಿ ಇಟ್ಟಿದ್ದರು, ಗುಂಡುಗಳು ಮಾತ್ರ ತಳ್ಳುಗಾಡಿಯ ಮೇಲೆ ಹಾಗೇ ಇದ್ದವು ಅಂತ ಬಂದೂಕಿನ ಉಸ್ತುವಾರಿ ನೋಡುತ್ತಿದ್ದಾಕೆಯೇ ಪೊಲೀಸರಿಗೆ ಹೇಳಿದಳು. ನಕಲಿ ಗುಂಡುಗಳ ನಡುವೆ ಅಸಲಿ ಸೇರಿತ್ತು. ಆಕೆಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ತಿಜೋರಿಯ ಕೀಲಿ ಗಟ್ಟಿಯಾಗಿಯೇ ಇತ್ತು, ಮಿತ್ರರೇ! 'ಶೋಲೆ'ಯಲ್ಲಿ (1975) ಗಬ್ಬರ್ ಸಿಂಗ್ ಮೂರು ಗುಂಡು ಗಾಳಿಗೆ ಹಾರಿಸಿ ಗಿರ್ರನೆ ತಿರುಗಿಸುತ್ತಾನಲ್ಲ, ಮುಂದಿನದು ಖಾಲಿಯೋ ಭರ್ತಿಯೋ ಅವನಿಗೂ ಗೊತ್ತಿಲ್ಲ. ಆ ಸೀನು ಅಷ್ಟು ನಡುಗಿಸೋದು ಅದಕ್ಕೇ. ಮನೆಯ ಬಂದೂಕು ಎಂದಿಗೂ ಆ ಸ್ಥಿತಿಯಲ್ಲಿ ಇರಬಾರದು.

ಇದನ್ನೆಲ್ಲ ದೊಡ್ಡಪ್ಪನ ಮುಂದೆ ಇಟ್ಟೆ. 2005ರಲ್ಲಿ ಅಮೆರಿಕದ ವೈದ್ಯರು ಮಾಡಿದ ಅಧ್ಯಯನ ನಾಲ್ಕು ಮಾತು ಹೇಳುತ್ತದೆ: ಬಂದೂಕು ಖಾಲಿ ಇರಲಿ, ಅದಕ್ಕೆ ಕೀಲಿ ಇರಲಿ, ಗುಂಡುಗಳು ಬೇರೆ ಜಾಗದಲ್ಲಿರಲಿ, ಅವಕ್ಕೂ ಕೀಲಿ ಇರಲಿ. ಇವುಗಳಲ್ಲಿ ಒಂದೊಂದೂ ಮಕ್ಕಳ ಅಪಾಯ ಕಡಿಮೆ ಇರುವ ಮನೆಗಳಲ್ಲೇ ಹೆಚ್ಚು ಕಂಡಿತಂತೆ. ತುಂಬಿದ ಬಂದೂಕಿನ ಕುದುರೆಗೆ ಕೀಲಿ ತೊಡಿಸಲೇಬಾರದು. ತೊಡಿಸುವಾಗಲೇ ಕುದುರೆ ಸರಿದೀತು. ನಳಿಗೆಯೊಳಗೆ ಉಕ್ಕಿನ ತಂತಿ ಹಾಯಿಸುವ ಕೀಲಿ ಇನ್ನೂ ವಾಸಿ. ತಂತಿ ಇರೋ ತನಕ ತೋಟಾ ತುಂಬಿ ಮುಚ್ಚಲಿಕ್ಕೇ ಬರೋದಿಲ್ಲ.

ದೊಡ್ಡಪ್ಪ ಸುಮ್ಮನೆ ಕೇಳಿದರು. ಆಮೇಲೆ ಎದ್ದು ಬಂದೂಕು ತಂದರು, ನಡು ಮುರಿದರು, ಎರಡೂ ನಳಿಗೆಯಲ್ಲಿ ಬೆಳಕು ಹಾಯಿಸಿ ನೋಡಿದರು. ಮುಂದಿನ ಕಟ್ಟಿಗೆ ಕಳಚಿದರು, ನಳಿಗೆ ಕಳಚಿದರು. ಮೂರು ತುಂಡು! "ಇದಕ್ಕ ಎಷ್ಟು ರೊಕ್ಕ ಆತು?" ಅಂದರು. ಒಂದು ಪೈಸೆಯೂ ಇಲ್ಲ. ಹಿಂದಿನ ಭಾಗ ಗೋಡೆಗೆ ಬೋಲ್ಟು ಹೊಡೆದ ಕಬ್ಬಿಣದ ಪೆಟ್ಟಿಗೆಗೆ ಹೋಯಿತು, ನೂರೈವತ್ತು ರೂಪಾಯಿ ಕೀಲಿಯೂ ಅದರ ಜೊತೆಗೇ. ನಳಿಗೆ ಬೇರೆ ಟ್ರಂಕಿಗೆ. ತೋಟಾಗಳು ಮೂರನೇ ಕಡೆ. ಕೀಲಿಕೈಗಳು ದೇವರ ಪಟದ ಹಿಂದೆ ಅಲ್ಲ, ದೊಡ್ಡಮ್ಮನ ಎಲೆಅಡಿಕೆ ಸಂಚಿಯಲ್ಲಿ. ಸಂಚಿ ಅವಳ ಸೊಂಟದಲ್ಲಿ, ರಾತ್ರಿ ದಿಂಬಿನ ಕೆಳಗೆ.

ಹಂದಿ ಬಂದ ರಾತ್ರಿ ತಡ ಆಗೋದಿಲ್ಲವೇ ಅಂತ ನಾನು ಕೇಳಿದೆ. "ಆಗತದ. ಎರಡು ಸಾಲು ಶೇಂಗಾ ಹೋದ್ರ ಹೋಗ್ಲಿ ಬಿಡು" ಅಂದರು. ಬೆಳೆಗೆ ಅಂತ ಬಂದೂಕು ತಂದ ಮನುಷ್ಯನ ಬಾಯಲ್ಲಿ ಈ ಮಾತು!

ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಕೀಲಿ ಎರಡನೇ ಕೀಲಿಕೈಗೇ ತೆರೆದದ್ದನ್ನೂ ಬಿಡದೆ. ಅವಳು ಕೇಳಿದ್ದು ಒಂದೇ: "ಸಂಚಿ ದೊಡ್ಡಮ್ಮನ ಹತ್ರ ಐತಿ ಹೌದಿಲ್ಲೋ?" ಹೌದು ಅಂದೆ. ಹುಡುಗ ಮರುದಿನದ ಬಸ್ಸಿಗೇ ಬಂದ.

ಹಾಗಾಗಿ ಮಿತ್ರರೇ, ಅಗ್ಗದ ಕೀಲಿ ತಗೊಳ್ಳಿ, ಬೇಡ ಅನ್ನೋದಿಲ್ಲ; ಅದು ನಾಲ್ಕು ನಿಮಿಷ ಕೊಡುತ್ತದೆ. ಸಿಟ್ಟು ಇಳಿಯಲಿಕ್ಕೆ, ಅಮ್ಮ ಅಡಿಗೆಮನೆಯಿಂದ ಬರಲಿಕ್ಕೆ ಆ ನಾಲ್ಕು ನಿಮಿಷ ಬೇಕು. ಆದರೆ ಅದೊಂದನ್ನೇ ನಂಬಿ ಮಲಗಬೇಡಿ. ಬಂದೂಕು ಖಾಲಿ ಇರಲಿ, ತೋಟಾ ದೂರ ಇರಲಿ, ಕೀಲಿಕೈ ದೊಡ್ಡಮ್ಮನಂಥವರ ಹತ್ತಿರ ಇರಲಿ. ಆ ಸಂಚಿಗೆ ಕೈ ಹಾಕೋ ಧೈರ್ಯ ಗಬ್ಬರ್ ಸಿಂಗನಿಗೂ ಇಲ್ಲ!