ನೇತ್ರಾಣಿ: ಕಡಲ ನಡುವಣ ಗುಡ್ಡ

ಗುಡ್ಡವೆಂದರೆ ಅದರ ಬುಡದಲ್ಲಿ ಊರು, ಕೆರೆ, ಹೊಲಗಳಿರಬೇಕೆಂಬುದು ಮಡಕಶಿರ, ರಾಯದುರ್ಗಗಳ ಸೀಮೆಯಲ್ಲಿ ಬೆಳೆದ ನಮ್ಮ ಭಾವನೆ. ಬುಡದ ಸುತ್ತಲೂ ನೀರೇ ತುಂಬಿರುವ ಗುಡ್ಡವನ್ನು ಕಾಣಬೇಕೆಂದು ನಾವು ಶಿವಮೊಗ್ಗ, ಜೋಗಗಳ ಮಾರ್ಗವಾಗಿ ಘಟ್ಟವಿಳಿದು ಭಟ್ಕಳ ತಾಲ್ಲೂಕಿನ ಮುರುಡೇಶ್ವರವನ್ನು ಸೇರಿದೆವು. ಅಲ್ಲಿಂದ ಪಡುವಣಕ್ಕೆ ಸುಮಾರು 19 ಕಿಲೋಮೀಟರು ದೋಣಿಯಲ್ಲಿ ಸಾಗಿದರೆ ನೇತ್ರಾಣಿ ದ್ವೀಪ. ಹಳೆಯ ಇಂಗ್ಲಿಷ್ ನಕ್ಷೆಗಳಲ್ಲಿ ಇದರ ಹೆಸರು ಪಿಜನ್ ಐಲೆಂಡ್, ಎಂದರೆ ಪಾರಿವಾಳಗಳ ದ್ವೀಪ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಇಲ್ಲಿಗೆ ಪ್ರವಾಸಿಗರ ದೋಣಿಗಳು ಬರುವುದಿಲ್ಲ.

ಸಮೀಪಿಸಿದಂತೆ ಕಡಿದಾದ ಬಂಡೆಗಳೂ ಅವುಗಳ ಮೇಲೆ ದಟ್ಟವಾದ ಹಸಿರೂ ಕಣ್ಣಿಗೆ ಬಿದ್ದವು. ನಾವು ದಡಕ್ಕಿಳಿಯದೆ ದೋಣಿಯಿಂದಲೇ ನೋಡಿದೆವು. ಬಿಳಿಹೊಟ್ಟೆಯ ಕಡಲ ಹದ್ದು ಇಲ್ಲಿನ ಒಡೆಯನೆನ್ನಬಹುದು. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 2 ಮೀಟರು. ಮೀನು, ಕಡಲಹಾವುಗಳು ಅದರ ಆಹಾರ. ಎತ್ತರದ ಮರಗಳಲ್ಲಿ ಕಟ್ಟಿದ ಗೂಡನ್ನೇ ವರ್ಷವರ್ಷವೂ ಸರಿಪಡಿಸಿಕೊಂಡು ಬಾಳುತ್ತದೆ. ಬಂಡೆಗಳ ಗವಿಗಳಲ್ಲಿ ಬಾನಾಡಿಗಳೆಂಬ ಪುಟ್ಟ ಹಕ್ಕಿಗಳು ತಮ್ಮ ಜೊಲ್ಲಿನಿಂದ ಗೂಡು ಅಂಟಿಸುತ್ತವೆ. ಕತ್ತಲೆಯಲ್ಲಿ ಟಕಟಕನೆ ಸದ್ದು ಮಾಡಿ, ಅದರ ಮಾರ್ದನಿಯಿಂದ ದಾರಿ ಕಂಡುಕೊಳ್ಳುತ್ತವೆ. ನೀರಿನಡಿಯಲ್ಲಿ ಹವಳಗಳಿವೆ. ಹವಳವು ಕಲ್ಲಲ್ಲ, ಜೀವಿ. ಅದಕ್ಕೆ ಬೆಚ್ಚನೆಯ ತಿಳಿನೀರೂ ಬಿಸಿಲೂ ಬೇಕು. ಹೊಳೆಗಳ ಕೆಸರು ಕವಿದರೆ ಸಾಯುತ್ತದೆ. ದಡದಿಂದ ದೂರವಿರುವುದೇ ಇಲ್ಲಿನ ಹವಳಕ್ಕೆ ರಕ್ಷೆ.

ಇಲ್ಲಿ ಮೇಕೆಗಳೂ ಇವೆ. ಕರಾವಳಿಯವರ ಮಾತಿನಲ್ಲಿ ಆಡುಗಳು. ಹರಕೆಯ ಆಡನ್ನು ದ್ವೀಪದಲ್ಲಿ ಬಿಟ್ಟುಬರುವ ವಾಡಿಕೆ ಮೀನುಗಾರರಲ್ಲಿ ಬಹುಕಾಲದ್ದು; ಅವುಗಳ ಸಂತತಿ ಈಗ ಕಾಡುಪಾಲಾಗಿ ಬೆಳೆದಿದೆ. ಮೇಕೆ ಹೊಕ್ಕ ಗುಡ್ಡದಲ್ಲಿ ಎಳೆಯ ಸಸಿ ಮರವಾಗುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಾದರೋ ಮೇಕೆಯನ್ನು ಹಿಡಿಯಲು ಚಿರತೆಯುಂಟು, ಹಿಂದಿರುಗಿಸಲು ಕಾಯುವವನುಂಟು. ಒಂದು ಗುಡ್ಡ ಬೋಳಾದರೆ ಹಕ್ಕಿ ಇನ್ನೊಂದಕ್ಕೆ ಹಾರೀತು. ಇಲ್ಲಿ ಇನ್ನೊಂದು ಗುಡ್ಡವೆಲ್ಲಿ? ಇಂದಿನ ಸಸಿ ಬೆಳೆಯದಿದ್ದರೆ ನಾಳೆ ಹದ್ದಿಗೆ ಗೂಡುಮರವಿಲ್ಲ.

ನೌಕಾಪಡೆಯು ಗುಂಡಿನ ಅಭ್ಯಾಸಕ್ಕೆ ಈ ದ್ವೀಪವನ್ನು ಗುರಿಯಾಗಿ ಹಲವು ವರ್ಷ ಬಳಸಿದುದೂ, ಪರಿಸರಪ್ರೇಮಿಗಳು ಅದನ್ನು ವಿರೋಧಿಸಿದುದೂ ಉಂಟು. ಈಗ ಹವಳ ನೋಡಲು ಮುಳುಗುವ ಪ್ರವಾಸಿಗರೂ ಹೆಚ್ಚಿದ್ದಾರೆ. ಹರಕೆ, ರಕ್ಷಣೆ, ವಿನೋದ—ಯಾವುದರಲ್ಲಿಯೂ ಕೆಟ್ಟ ಉದ್ದೇಶವಿಲ್ಲ. ಆದರೆ ಮೂರರ ಭಾರವನ್ನೂ ಹೊರಬೇಕಾದುದು ಅದೇ ಪುಟ್ಟ ಬಂಡೆ.

ಮಕ್ಕಳೊಡನೆ ಹೋಗುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಹವಳದ ಚೂರನ್ನು ನೆನಪಿಗೆಂದು ತರಬೇಡಿರಿ, ಪ್ಲಾಸ್ಟಿಕ್ಕನ್ನು ಅಲ್ಲಿ ಬಿಡಬೇಡಿರಿ. ಹದ್ದನ್ನು ದೂರದಿಂದಲೇ ತೋರಿಸಿರಿ. ಅಷ್ಟು ದೊಡ್ಡ ಹಕ್ಕಿ ದೂರದಿಂದಲೂ ಚೆನ್ನಾಗಿಯೇ ಕಾಣುತ್ತದೆ.