ಪೋರ್ಚುಗಲ್ ನಮಗೇನಾಗಬೇಕು?

2025ರ ಅಕ್ಟೋಬರ್ 11ರ ರಾತ್ರಿ ನಾವು ನಾಲ್ವರು ಗೆಳೆಯರು ನಿದ್ದೆಗೆಟ್ಟು ಟಿ.ವಿ. ಮುಂದೆ ಕುಳಿತಿದ್ದೆವು. ಲಿಸ್ಬನ್ನಿನಲ್ಲಿ ಪೋರ್ಚುಗಲ್ ಮತ್ತು ಐರ್ಲೆಂಡ್ ನಡುವೆ ವಿಶ್ವಕಪ್ಪಿನ ಅರ್ಹತಾ ಪಂದ್ಯ. ಅಲ್ಲಿ ಸಂಜೆಯಾದರೆ ನಮ್ಮಲ್ಲಿ ನಡುರಾತ್ರಿ ದಾಟಿರುತ್ತದೆ. 75ನೇ ನಿಮಿಷದಲ್ಲಿ ರೊನಾಲ್ಡೊ ಒದ್ದ ಪೆನಾಲ್ಟಿಯನ್ನು ಐರ್ಲೆಂಡಿನ ಗೋಲ್‌ಕೀಪರ್ ತಡೆದ. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಇನ್ನು ಮಲಗುವುದೇ ಒಳ್ಳೆಯದೆಂದು ನಮ್ಮಲ್ಲೊಬ್ಬ ಎದ್ದು ನಿಂತಿದ್ದ. ಅಷ್ಟರಲ್ಲಿ ಹಾರಿಬಂದ ಚೆಂಡಿಗೆ ರೂಬೆನ್ ನೆವೆಸ್ ತಲೆಯೊಡ್ಡಿದ. ಗೋಲು! ರಾಷ್ಟ್ರೀಯ ತಂಡಕ್ಕಾಗಿ ಅದು ಅವನ ಮೊದಲ ಗೋಲು. ಅವನು ತೊಟ್ಟಿದ್ದ ಅಂಗಿಯ ನಂಬರ್ 21.

ಆ ನಂಬರ್ ಮೊದಲು ದಿಯೊಗೊ ಜೋಟಾನದಾಗಿತ್ತು. 2025ರ ಜುಲೈ 3ರಂದು ಸ್ಪೇನಿನ ಝಮೊರಾ ಬಳಿ ನಡೆದ ಕಾರು ಅಪಘಾತದಲ್ಲಿ ಜೋಟಾ ಮತ್ತು ಅವನ ತಮ್ಮ ಆಂದ್ರೆ ಸಿಲ್ವ ಇಬ್ಬರೂ ತೀರಿಕೊಂಡರು. ಜೋಟಾನ ಮದುವೆಯಾಗಿ ಆಗ ಹನ್ನೊಂದು ದಿನಗಳಷ್ಟೇ ಕಳೆದಿದ್ದವು. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನೆವೆಸ್ ಕೂಡಾ ಒಬ್ಬ. ಗೋಲಾದಾಗ ನಾವು ಮೊದಲು ಕೂಗಿದೆವು. ಆಮೇಲೆ ಯಾರೂ ಮಾತಾಡಲಿಲ್ಲ.

ನಾವು ಕರಾವಳಿಯವರು. ಪೋರ್ಚುಗಲ್ಲನ್ನು ಕಂಡವರಲ್ಲ, ಅಲ್ಲಿನ ಭಾಷೆ ಬಲ್ಲವರಲ್ಲ. ಆ ತಂಡದೊಂದಿಗೆ ನಮ್ಮ ನಂಟು ಬೆಳೆದದ್ದು 2004ರಲ್ಲಿ. ಯೂರೋ ಕಪ್ ಪೋರ್ಚುಗಲ್ಲಿನಲ್ಲೇ ನಡೆದಿತ್ತು. ಮೊದಲ ಪಂದ್ಯದಲ್ಲಿ ಗ್ರೀಸ್ ಎದುರು ಸೋತ ಆತಿಥೇಯರು ಫೈನಲ್‌ನಲ್ಲೂ ಅದೇ ಗ್ರೀಸ್‌ಗೆ 1-0ಯಿಂದ ಸೋತರು. ಹತ್ತೊಂಬತ್ತು ವರ್ಷದ ರೊನಾಲ್ಡೊ ಮೈದಾನದಲ್ಲೇ ಅತ್ತುಬಿಟ್ಟ. ಗೆದ್ದವರನ್ನು ಮರೆತು ಸೋತವರನ್ನು ನೆನಪಿಟ್ಟುಕೊಳ್ಳುವ ವಯಸ್ಸು ನಮ್ಮದು.

ಆ ದಿನಗಳಲ್ಲೇ ಉಳ್ಳಾಲದ ಮಾಮ ನಮ್ಮನ್ನು ಕೇಳಿದ್ದರು: "ಪರಂಗಿಗಳು ನಿಮಗೆ ಏನಾಗಬೇಕು ಮಕ್ಕಳೇ? ಹಜ್ಜಿನಿಂದ ಮರಳುತ್ತಿದ್ದವರ ಹಡಗನ್ನು ಸುಟ್ಟವರಲ್ಲವಾ ಅವರು? ನಮ್ಮ ರಾಣಿ ಅಬ್ಬಕ್ಕ ಕತ್ತಿ ಹಿಡಿದದ್ದು ಯಾರ ಮೇಲೆ?" ಮಾಮ ಹೇಳಿದ್ದು ಸುಳ್ಳಲ್ಲ. 1502ರಲ್ಲಿ ವಾಸ್ಕೊ ಡ ಗಾಮ ಹಜ್ ಯಾತ್ರಿಕರ ಹಡಗಿಗೆ ಬೆಂಕಿ ಇಡಿಸಿದ್ದು ಇತಿಹಾಸ. ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಹದಿನಾರನೇ ಶತಮಾನದಲ್ಲೇ ಪೋರ್ಚುಗೀಸರ ದೌರ್ಜನ್ಯಗಳನ್ನು ಅರಬಿಯಲ್ಲಿ ಬರೆದಿಟ್ಟಿದ್ದಾರೆ. "ಇದು ಬರೀ ಆಟ ಮಾಮ" ಎಂದು ಹೇಳಿ ನಾವು ಜಾರಿಕೊಂಡೆವು. ಅದು ಉತ್ತರವಲ್ಲವೆಂದು ನಮಗೂ ಗೊತ್ತಿತ್ತು.

ರಾಷ್ಟ್ರೀಯ ತಂಡದ ಬೆನ್ನು ಹತ್ತಿ ನಾವು ಅಲ್ಲಿನ ಲೀಗಿಗೂ ಕಪ್ಪಿಗೂ ಹೋಗಿ ಮುಟ್ಟಿದೆವು. ಪಂದ್ಯಗಳು ನಮ್ಮ ಟಿ.ವಿ.ಯಲ್ಲಿ ಸಿಗುತ್ತಿದ್ದುದು ಅಪರೂಪ. ಬೆಳಗ್ಗೆದ್ದು ಫಲಿತಾಂಶ ಹುಡುಕುವುದೇ ಒಂದು ಚಾಳಿಯಾಯಿತು. ಪೋರ್ಚುಗಲ್ಲಿನ ಲೀಗ್ ಎಂದರೆ ಮೂರು ಮನೆಗಳ ಆಸ್ತಿಯಿದ್ದಂತೆ. ಲಿಸ್ಬನ್ನಿನ ಬೆನ್‌ಫಿಕಾ ಮತ್ತು ಸ್ಪೋರ್ಟಿಂಗ್, ಉತ್ತರದ ಪೋರ್ಟೊ. 1930ರ ದಶಕದಲ್ಲಿ ಆರಂಭವಾದ ಲೀಗನ್ನು ಈ ಮೂವರನ್ನು ಬಿಟ್ಟು ಗೆದ್ದ ಕ್ಲಬ್‌ಗಳು ಎರಡೇ ಎರಡು. 1946ರಲ್ಲಿ ಬೆಲೆನೆನ್ಸೆಸ್, 2001ರಲ್ಲಿ ಬೊವಾವಿಸ್ಟ. ಸಣ್ಣ ಊರಿನವರ ಆಸೆಗೆ ಉಳಿದಿರುವುದು ಪೋರ್ಚುಗಲ್ ಕಪ್ ಒಂದೇ. ಅದರ ಫೈನಲ್ ಲಿಸ್ಬನ್ ಪಕ್ಕದ ಜಾಮೊರ್‌ನಲ್ಲಿ, ಮರಗಳ ನಡುವಿನ ಹಳೆಯ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆಯುತ್ತದೆ.

2013ರ ಮೇ ತಿಂಗಳನ್ನು ನಾವು ಮರೆಯುವಂತಿಲ್ಲ. ಲೀಗಿನಲ್ಲಿ ಎರಡು ಅಂಕ ಮುಂದಿದ್ದ ಬೆನ್‌ಫಿಕಾ ಮೇ 11ರಂದು ಪೋರ್ಟೊದಲ್ಲಿ ಆಡಿತು. ಡ್ರಾ ಆಗಿದ್ದರೂ ಸಾಕಿತ್ತು. 92ನೇ ನಿಮಿಷದಲ್ಲಿ ಕೆಲ್ವಿನ್ ಎಂಬ ಬದಲಿ ಆಟಗಾರ ಗೋಲು ಹೊಡೆದ. ಬೆನ್‌ಫಿಕಾದ ಕೋಚ್ ಜೋರ್ಜ್ ಜೆಸುಸ್ ಗೆರೆಯ ಪಕ್ಕದಲ್ಲೇ ಮೊಣಕಾಲೂರಿ ಕುಸಿದರು. ನಾಲ್ಕು ದಿನಗಳ ಬಳಿಕ ಯುರೋಪಾ ಲೀಗಿನ ಫೈನಲ್‌ನಲ್ಲಿ ಚೆಲ್ಸಿ ಎದುರು ಮತ್ತೆ ಕೊನೆಯ ಗಳಿಗೆಯ ಗೋಲು, ಮತ್ತೆ ಸೋಲು. ಮೇ 26ರಂದು ಜಾಮೊರ್‌ನ ಕಪ್ ಫೈನಲ್‌ನಲ್ಲಿ ವಿಟೋರಿಯಾ ಗಿಮರಾಯ್ಸ್ 2-1ರಿಂದ ಗೆದ್ದಿತು. ಹದಿನಾರು ದಿನಗಳಲ್ಲಿ ಮೂರು ಕಪ್‌ಗಳು ಕೈಜಾರಿದವು. ದೊಡ್ಡವರನ್ನು ಮಣಿಸಿದ ಗಿಮರಾಯ್ಸ್‌ಗಾಗಿ ನಾವು ಕುಣಿದಾಡಿದ್ದೆವು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅದಕ್ಕೆ ನಾವು ಮತ್ತೆ ಬರುತ್ತೇವೆ.

ಮಾಮನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದೂ ಜಾಮೊರ್‌ನಲ್ಲೇ, 1969ರ ಫೈನಲ್‌ನಲ್ಲಿ. ಆಗ ಪೋರ್ಚುಗಲ್ಲಿನಲ್ಲಿ ಸರ್ವಾಧಿಕಾರ. ಆ ವರ್ಷದ ಏಪ್ರಿಲ್‌ನಲ್ಲಿ ಕೊಯಿಂಬ್ರಾ ವಿಶ್ವವಿದ್ಯಾಲಯಕ್ಕೆ ರಾಷ್ಟ್ರಾಧ್ಯಕ್ಷರು ಬಂದಿದ್ದಾಗ ವಿದ್ಯಾರ್ಥಿಗಳ ಪ್ರತಿನಿಧಿಯೊಬ್ಬ ಮಾತಾಡಲು ಅವಕಾಶ ಕೇಳಿದ. ಕೊಡಲಿಲ್ಲ. ಚಳವಳಿ ಹಬ್ಬಿತು, ಬಂಧನಗಳಾದವು. ಅದೇ ಊರಿನ ವಿದ್ಯಾರ್ಥಿಗಳ ತಂಡ ಅಕಾದೆಮಿಕಾ ಆ ವರ್ಷ ಕಪ್ಪಿನ ಫೈನಲ್ ತಲುಪಿತು. ಜೂನ್ 22ರಂದು ಅದರ ಆಟಗಾರರು ವಿದ್ಯಾರ್ಥಿಗಳ ಕರಿಯ ನಿಲುವಂಗಿಯನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಹೆಜ್ಜೆಯಿಡುತ್ತಾ ಮೈದಾನಕ್ಕಿಳಿದರು. ಪ್ರೇಕ್ಷಕರ ನಡುವೆ ಪ್ರತಿಭಟನೆಯ ಬ್ಯಾನರ್‌ಗಳು ಎದ್ದವು. ರಾಷ್ಟ್ರಾಧ್ಯಕ್ಷರು ಬರಲಿಲ್ಲ. ಟಿ.ವಿ. ಪಂದ್ಯವನ್ನು ತೋರಿಸಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆನ್‌ಫಿಕಾ 2-1ರಿಂದ ಗೆದ್ದಿತು.

ಗೆಲುವಿನ ಗೋಲು ಹೊಡೆದವನು ಯುಸೇಬಿಯೊ. ಅವನು ಮೊಝಾಂಬಿಕ್‌ನವನು. ಆಗ ಅದು ಪೋರ್ಚುಗಲ್ಲಿನ ವಸಾಹತು. 1966ರ ವಿಶ್ವಕಪ್ಪಿನಲ್ಲಿ ಒಂಬತ್ತು ಗೋಲು ಹೊಡೆದು ಪೋರ್ಚುಗಲ್ಲಿಗೆ ಮೂರನೇ ಸ್ಥಾನ ತಂದುಕೊಟ್ಟವನೂ ಅವನೇ. ಆ ತಂಡದ ಕ್ಯಾಪ್ಟನ್ ಕೊಲುನಾ ಕೂಡಾ ಮೊಝಾಂಬಿಕ್‌ನವನು. ಅವರ ತಾಯ್ನಾಡಿನಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆದಿದ್ದ ಕಾಲವದು. ಆಳಿದವರ ಅಂಗಿಯನ್ನು ಆಳಿಸಿಕೊಂಡವರು ತೊಟ್ಟಿದ್ದರು. ಆಳಿದವರದೇ ಮಕ್ಕಳು ಅದೇ ಸರಕಾರದ ವಿರುದ್ಧ ನಿಂತಿದ್ದರು. 1974ರಲ್ಲಿ ಸರ್ವಾಧಿಕಾರ ಉರುಳಿತು, ಮರುವರ್ಷ ಮೊಝಾಂಬಿಕ್ ಸ್ವತಂತ್ರವಾಯಿತು. ಹಡಗು ಸುಟ್ಟವರ ದೇಶದಲ್ಲೇ ಕರಿಯ ನಿಲುವಂಗಿಯ ಆ ಹುಡುಗರೂ ಇದ್ದರು. 2012ರಲ್ಲಿ ಅಕಾದೆಮಿಕಾ ಸ್ಪೋರ್ಟಿಂಗನ್ನು 1-0ಯಿಂದ ಸೋಲಿಸಿ, 1939ರ ಬಳಿಕ ಮೊದಲ ಬಾರಿ ಕಪ್ ಎತ್ತಿದಾಗ ನಮಗೆ ನೆನಪಾದದ್ದು ಅವರೇ.

ಆದರೆ ಸಣ್ಣವರೆಲ್ಲ ಒಳ್ಳೆಯವರು ಎಂಬ ನಮ್ಮ ಭ್ರಮೆ 2020ರ ಫೆಬ್ರವರಿ 16ರಂದು ಒಡೆಯಿತು. ಪೋರ್ಟೊ ತಂಡ ಗಿಮರಾಯ್ಸ್‌ನಲ್ಲಿ ಆಡುತ್ತಿತ್ತು. ಮಾಲಿ ದೇಶದ ಮೂಸಾ ಮರೇಗಾ ಹಿಂದೊಮ್ಮೆ ಅದೇ ಗಿಮರಾಯ್ಸ್ ಪರ ಆಡಿದ್ದವನು. ಪ್ರೇಕ್ಷಕರಲ್ಲಿ ಕೆಲವರು ಅವನನ್ನು ಕೋತಿಯೆಂದು ಅಣಕಿಸಿ ಕೂಗತೊಡಗಿದರು. ಅವನು ಪೋರ್ಟೊದ ಎರಡನೇ ಗೋಲು ಹೊಡೆದ. ಕೂಗು ನಿಲ್ಲಲಿಲ್ಲ. ಕೊನೆಗೆ ಅವನು ಮೈದಾನ ಬಿಟ್ಟು ಹೊರಟ. ಸಂಗಡಿಗರೇ ಅಡ್ಡ ನಿಂತು, ಕೈಹಿಡಿದು ತಡೆಯಲು ನೋಡಿದರು. ಅವನು ಕೇಳಲಿಲ್ಲ. ಪಂದ್ಯ ಮುಂದುವರಿಯಿತು, ಪೋರ್ಟೊ 2-1ರಿಂದ ಗೆದ್ದಿತು.

ನಾವು ಕುಣಿದಾಡಿದ್ದು ಇದೇ ಕ್ಲಬ್ಬಿಗಾಗಿ. ಕೂಗಿದವರ ಮೇಲೆ ನಮಗೆ ಸಿಟ್ಟು ಬಂದದ್ದು ಸಹಜ. ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ತಡೆದು ನಿಲ್ಲಿಸಲು ಬಂದ ಸಂಗಡಿಗರು. ಅವರೇನೂ ಕೆಟ್ಟವರಲ್ಲ. ಆಟ ಕೆಡಬಾರದೆಂಬ ಕಾಳಜಿ ಅವರದು. ನಮ್ಮ ಊರಿನಲ್ಲೂ ಯಾರಾದರೂ ಅವಮಾನ ತಿಂದು ಎದ್ದು ನಿಂತಾಗ ನಾವು ಹೇಳುವುದು ಅದನ್ನೇ ಅಲ್ಲವೇ? "ಬಿಡು ಮಾರಾಯ, ಸುಮ್ಮನಿರು, ಗಲಾಟೆ ಯಾಕೆ?"

ಆಮೇಲೆ ನಮ್ಮ ಸರದಿಯೂ ಬಂತು. 2022ರ ವಿಶ್ವಕಪ್ಪಿಗೆ ಪೋರ್ಚುಗಲ್ ಪಟ್ಟ ಪಾಡು ಅಷ್ಟಿಷ್ಟಲ್ಲ. 2021ರ ಮಾರ್ಚ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ ಸರ್ಬಿಯಾ ಎದುರು ಚೆಂಡು ಗೆರೆ ದಾಟಿದ್ದರೂ ರೆಫರಿ ಗೋಲು ಕೊಡಲಿಲ್ಲ. ರೊನಾಲ್ಡೊ ಕ್ಯಾಪ್ಟನ್ನಿನ ತೋಳ್ಪಟ್ಟಿ ಕಿತ್ತೆಸೆದು ಹೋದ. ಅಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬ ಅದನ್ನು ಎತ್ತಿಕೊಂಡ. ಕಾಯಿಲೆಬಿದ್ದ ಒಂದು ಹಸುಗೂಸಿನ ಚಿಕಿತ್ಸೆಗಾಗಿ ಅದನ್ನು ಹರಾಜು ಹಾಕಿದಾಗ 64,000 ಯೂರೋ ಸಿಕ್ಕಿತು. ನವೆಂಬರ್‌ನಲ್ಲಿ ಅದೇ ಸರ್ಬಿಯಾ ಲಿಸ್ಬನ್ನಿನಲ್ಲಿ 90ನೇ ನಿಮಿಷದ ಗೋಲಿನಿಂದ ಗೆದ್ದು ನೇರ ಅರ್ಹತೆಯನ್ನು ಕಿತ್ತುಕೊಂಡಿತು. ಪ್ಲೇಆಫ್‌ನಲ್ಲಿ ಟರ್ಕಿ ಮತ್ತು ಉತ್ತರ ಮ್ಯಾಸಿಡೋನಿಯಾವನ್ನು ಸೋಲಿಸಿ ಪೋರ್ಚುಗಲ್ ಕತಾರ್ ಸೇರಿತು.

ಅಷ್ಟೆಲ್ಲ ಕಾದ ನಾವು ಕ್ವಾರ್ಟರ್ ಫೈನಲ್‌ನಲ್ಲಿ ಏನು ಮಾಡಿದೆವು? ಡಿಸೆಂಬರ್ 10ರಂದು ದೋಹಾದಲ್ಲಿ ಎದುರಾದದ್ದು ಮೊರಾಕ್ಕೊ. 42ನೇ ನಿಮಿಷದಲ್ಲಿ ಅನ್ನಸೀರಿ ಎತ್ತರಕ್ಕೆ ಜಿಗಿದು ತಲೆಯಿಂದ ಗೋಲು ಹೊಡೆದಾಗ ನಮ್ಮಲ್ಲಿ ಮೂವರು ಕುಳಿತಲ್ಲಿಂದ ಎದ್ದು ಕೂಗಿದೆವು. ಒಬ್ಬ ಮಾತ್ರ ಪೋರ್ಚುಗಲ್ಲಿನ ಅಂಗಿ ತೊಟ್ಟು ತಲೆತಗ್ಗಿಸಿ ಕುಳಿತಿದ್ದ. ಆಫ್ರಿಕದ ತಂಡವೊಂದು ಮೊದಲ ಬಾರಿಗೆ ಸೆಮಿಫೈನಲ್ ತಲುಪಿತ್ತು. ಆಟಗಾರರು ಸುಜೂದ್ ಮಾಡಿದರು. ಬೂಫಾಲ್ ತನ್ನ ತಾಯಿಯ ಕೈಹಿಡಿದು ಮೈದಾನದಲ್ಲಿ ಕುಣಿದ. ನಮ್ಮ ಕಣ್ಣು ತುಂಬಿತು. ಅತ್ತ ರೊನಾಲ್ಡೊ ಅಳುತ್ತಾ ಒಳಗೆ ನಡೆದ.

"ಹದಿನೆಂಟು ವರ್ಷದ ಅಭಿಮಾನ ಒಂದು ಸುಜೂದ್‌ಗೆ ಕರಗಿತಾ?" ಎಂದು ಆ ಗೆಳೆಯ ಕೇಳಿದ. ದುರ್ಬಲರ ಪರ ನಿಂತೆವು ಎಂದು ನಾವು ವಾದಿಸಿದೆವು. ಅದರಲ್ಲಿ ಸ್ವಲ್ಪ ನಿಜವಿತ್ತು. ಆದರೆ ಎದುರಿಗಿದ್ದುದು ಬೇರೊಂದು ಸಣ್ಣ ದೇಶವಾಗಿದ್ದರೆ ನಾವು ಹಾಗೆ ಎದ್ದು ಕೂಗುತ್ತಿದ್ದೆವೇ? ಇಲ್ಲ. ನಮ್ಮವರು ಗೆದ್ದಾಗ ಸಂತೋಷಪಡುವುದು ತಪ್ಪಲ್ಲ. ಅದನ್ನು ನ್ಯಾಯವೆಂದು ಕರೆದದ್ದು ತಪ್ಪು. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬ ಪಾಠವನ್ನು ಮದ್ರಸದಲ್ಲಿ ಕಲಿತವರು ನಾವು. ಮರೇಗಾನ ಅವಮಾನಕ್ಕೆ ನಾವು ಕೆರಳಿದ್ದು ಅವನು ಮನುಷ್ಯನೆಂದೋ, ಅವನ ಹೆಸರು ಮೂಸಾ ಎಂದೋ? ಆ ರಾತ್ರಿ ಈ ಪ್ರಶ್ನೆಯನ್ನೂ ನಮಗೆ ನಾವೇ ಕೇಳಿಕೊಳ್ಳಬೇಕಾಯಿತು.

ಅದಕ್ಕೇ ಇರಬೇಕು, ನೆವೆಸ್‌ನ ಗೋಲಿಗೆ ನಾಲ್ವರೂ ಒಟ್ಟಿಗೆ ಎದ್ದು ನಿಂತಾಗ ಮನಸ್ಸು ಹಗುರವಾದದ್ದು. ಆಮೇಲೆ ನವೆಂಬರ್‌ನಲ್ಲಿ ಪೋರ್ಚುಗಲ್ ಡಬ್ಲಿನ್‌ನಲ್ಲಿ 2-0ಯಿಂದ ಸೋತಿತು, ಮೂರು ದಿನಗಳ ಬಳಿಕ ಅರ್ಮೇನಿಯಾವನ್ನು 9-1ರಿಂದ ಸೋಲಿಸಿ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ನಮಗೆ ಮಾತ್ರ ಉಳಿದಿರುವುದು ಆ ಒಂದು ಗೋಲು.

ಅದರ ಮರುದಿನ ಮಸೀದಿಯ ಅಂಗಳದಲ್ಲಿ ಮಾಮ ಸಿಕ್ಕಿದರು. ನಮ್ಮ ಕೆಂಪಾದ ಕಣ್ಣು ನೋಡಿ, "ಪುನಃ ಪರಂಗಿಗಳ ಆಟವಾ?" ಎಂದರು. ನಾವು 21ನೇ ನಂಬರಿನ ಕತೆ ಹೇಳಿದೆವು. ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಣ್ಣ ತಮ್ಮ ಇಬ್ಬರೂ ಹೋದರಾ?"

"ಹೌದು ಮಾಮ."

"ಅವರ ಉಮ್ಮ ಇದ್ದಾರಾ?"

"ಇದ್ದಾರೆ."

"ಅಲ್ಲಾಹನು ಆ ತಾಯಿಗೆ ಸಹನೆ ಕೊಡಲಿ" ಎಂದು ಹೇಳಿ ಮಾಮ ಚಪ್ಪಲಿ ಮೆಟ್ಟಿ ಹೊರಟರು. ಪಂದ್ಯ ಯಾರು ಗೆದ್ದರೆಂದು ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ.