ನಸುಗತ್ತಲ ಲೆಕ್ಕ

ನಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಎಲ್ಲರೂ ಅಂಗಳದಲ್ಲೇ ನಿಂತಿದ್ದಾರೆ. ಮದುವೆಯಾಗಿ ಬಂದ ಹೊಸತರ ದೊಡ್ಡಮ್ಮ ತುಳಸಿಕಟ್ಟೆಯ ಪಕ್ಕದಲ್ಲಿ. ಅಡಿಕೆ ಹರವಿದ ಚಾಪೆಯ ಮುಂದೆ ಅಜ್ಜ. ತೊಟ್ಟಿಲಿನಿಂದ ಎತ್ತಿ ತಂದು ಬಿಸಿಲಿಗೆ ಹಿಡಿದ ಕೂಸಾಗಿ ನಾನು. ಎಲ್ಲರ ಕಣ್ಣೂ ಕಿರಿದು, ಎಲ್ಲರ ಹುಬ್ಬೂ ಗಂಟು. ಇವರೆಲ್ಲ ಯಾರ ಮೇಲೆ ಸಿಟ್ಟಾಗಿದ್ದಾರೆ ಎಂದು ಚಿಕ್ಕವನಿದ್ದಾಗ ಯೋಚಿಸುತ್ತಿದ್ದೆ. ಕಾರಣ ತಿಳಿದದ್ದು ಕ್ಯಾಮೆರಾ ನನ್ನ ಕೈಗೆ ಬಂದ ಮೇಲೆ. ಎಲ್ಲರನ್ನೂ ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿದ್ದರು.

ಬೇರೆ ದಾರಿಯೂ ಇರಲಿಲ್ಲ. ಆ ಫೋಟೋಗಳನ್ನು ತೆಗೆದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3ರಲ್ಲಿ. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಮನೆಯ ಒಳಗಿಗೆ ಗುರುತೇ ಇಲ್ಲ. ಹಾಗಾಗಿ ಅರವತ್ತು ವರ್ಷ ಒಲೆಯ ಮುಂದೆ ಕಳೆದ ದೊಡ್ಡಮ್ಮನ ಒಂದೇ ಒಂದು ಅಡುಗೆಮನೆಯ ಚಿತ್ರ ನಮ್ಮಲ್ಲಿರಲಿಲ್ಲ. ನಡುಮನೆ, ದೇವರ ಕೋಣೆ, ಬಾಣಂತಿ ಕೋಣೆ, ಅಟ್ಟ, ಬಚ್ಚಲೊಲೆ ಯಾವುದೂ ಇಲ್ಲ. ಮಲೆನಾಡಿನ ಬದುಕು ನಡೆಯುವುದೇ ಒಳಗೆ. ವರ್ಷದ ನಾಲ್ಕು ತಿಂಗಳು ಮಳೆ, ಸೂರು ತಗ್ಗು, ಕಿಟಕಿ ಚಿಕ್ಕದು. ಆ ಬದುಕೆಲ್ಲ ಫಿಲ್ಮಿಗೆ ಸಿಗದೆ ಹೊರಗುಳಿಯಿತು. ಹಳೆಯ ಕ್ಯಾಮೆರಾ ಹಿಡಿದು ಕತ್ತಲೆಯಲ್ಲಿ ಕೂರುವ ನನ್ನ ಹವ್ಯಾಸಕ್ಕೆ ಈ ಕೊರತೆಯೇ ಮೂಲ.

ಕ್ಯಾಮೆರಾ ಚಿಕ್ಕಪ್ಪನದು. ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ, ಜಗತ್ತಿನ ಎಷ್ಟೋ ಮಂದಿಗೆ ಛಾಯಾಗ್ರಹಣದ ಅಕ್ಷರಾಭ್ಯಾಸ ಮಾಡಿಸಿದ ಮಾದರಿ. ಅದರಲ್ಲಿ ತಿರುಗಿಸಲು ಇರುವುದು ಮೂರೇ: ಫೋಕಸ್, ಅಪರ್ಚರ್, ಶಟರ್ ವೇಗ. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಅದು ಸತ್ತರೂ ಶಟರ್ ಬೀಳುತ್ತದೆ. ಮುಳ್ಳನ್ನು ನಿಲ್ಲಿಸುವ ಗುಂಡಿಯೂ ಇಲ್ಲ; ಲೆನ್ಸಿಗೆ ಮುಚ್ಚಳ ಹಾಕಿಟ್ಟರೆ ಅದೇ ನಿದ್ದೆ ಹೋಗುತ್ತದೆ. ಹಳೆಯ ಕ್ಯಾಮೆರಾದಿಂದ ಶುರುಮಾಡುತ್ತೇನೆ ಎನ್ನುವವರಿಗೆ ನಾನು ಮೊದಲು ಹೇಳುವುದು ಇಂಥದ್ದೊಂದನ್ನು ಹುಡುಕಿಕೊಳ್ಳಿ ಎಂದು. ಪೂರ್ತಿ ಯಾಂತ್ರಿಕವಾದದ್ದು ಕೆಟ್ಟರೆ ರಿಪೇರಿ ಮಾಡುವ ಕೈಗಳು ಇನ್ನೂ ಇವೆ.

ಕೊಳ್ಳುವ ಮುಂಚೆ ಹಿಂಬಾಗಿಲು ತೆರೆದು, ಬಿಳಿಗೋಡೆಗೆ ಹಿಡಿದು, ಒಂದು ಸೆಕೆಂಡಿನಿಂದ 1/1000ವರೆಗೆ ಪ್ರತಿ ವೇಗದಲ್ಲೂ ಶಟರ್ ಬಿಟ್ಟು ನೋಡಬೇಕು. ಒಂದು ಸೆಕೆಂಡು ಎಂದರೆ ಕಿವಿಗೆ ಒಂದು ಸೆಕೆಂಡೇ ಕೇಳಿಸಬೇಕು. ಹಳೆಯ ಎಣ್ಣೆ ಅಂಟಾದರೆ ನಿಧಾನದ ವೇಗಗಳು ಮೊದಲು ಎಡವುತ್ತವೆ, ಕತ್ತಲೆಯಲ್ಲಿ ನಮಗೆ ಬೇಕಾಗುವುದೂ ಅವೇ. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟರೆ ಬೂಷ್ಟು ಜೇಡರಬಲೆಯ ಹಾಗೆ ಕಾಣುತ್ತದೆ. ನಮ್ಮ ಮಳೆಗಾಲದಲ್ಲಿ ಬೂಷ್ಟಿಗೆ ಬರಗಾಲವಿಲ್ಲ. ಹಾಗಾಗಿ ನನ್ನ ಲೆನ್ಸುಗಳು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲೇ ಮಲಗುತ್ತವೆ. ಬಾಗಿಲಿನ ಅಂಚಿನ ಸ್ಪಂಜು ವರ್ಷಗಳು ಕಳೆದಂತೆ ಡಾಂಬರಿನಂತೆ ಕರಗಿ ಅಲ್ಲಿಂದ ಬೆಳಕು ಸೋರುತ್ತದೆ. ಅದನ್ನು ಕೆರೆದು ತೆಗೆದು ಹೊಸದು ಅಂಟಿಸುವುದು ಒಂದು ಮಧ್ಯಾಹ್ನದ ಕೆಲಸ.

ನನ್ನ ಮೊದಲ ರೀಲು ಪೂರ್ತಿ ಖಾಲಿ ಬಂತು. ಫಿಲ್ಮಿನ ನಾಲಿಗೆ ಸುರುಳಿಗೆ ಸಿಕ್ಕಿರಲಿಲ್ಲ. ಮೂವತ್ತಾರು ಸಲ ಕ್ಲಿಕ್ಕಿಸಿದರೂ ಅದು ಡಬ್ಬಿ ಬಿಟ್ಟು ಕದಲಿರಲಿಲ್ಲ. ಅಂದಿನಿಂದ ಪ್ರತಿ ಸಲ ಸನ್ನೆ ಎಳೆಯುವಾಗ ಎಡಗಡೆಯ ಗುಬ್ಬಿ ತಿರುಗುತ್ತದೆಯೇ ಎಂದು ನೋಡುತ್ತೇನೆ. ಅದು ತಿರುಗಿದರೆ ಫಿಲ್ಮು ಓಡುತ್ತಿದೆ ಎಂದು ಅರ್ಥ.

ಫಿಲ್ಮೆಂದರೆ ಜೆಲಾಟಿನ್ ಪದರದಲ್ಲಿ ಹರಡಿದ ಬೆಳ್ಳಿಯ ಲವಣದ ಹರಳುಗಳು. ಹರಳು ದೊಡ್ಡದಾದಷ್ಟೂ ಬೆಳಕು ಸಿಕ್ಕಿಬೀಳುವ ಸಂಭವ ಹೆಚ್ಚು. ಮಳೆಗೆ ಲೋಟ ಇಡುವುದಕ್ಕೂ ಹಂಡೆ ಇಡುವುದಕ್ಕೂ ಇರುವ ವ್ಯತ್ಯಾಸ ಅದು. ಅದಕ್ಕೇ ಕಡಿಮೆ ಬೆಳಕಿನ ಫಿಲ್ಮುಗಳಲ್ಲಿ ಚಿತ್ರ ರವೆರವೆಯಾಗಿ ಕಾಣುತ್ತದೆ. ನುಣುಪು ಬೇಕೆನ್ನುವವರಿಗೆ ಅದು ದೋಷ. ನನಗಂತೂ ಆ ರವೆಯಲ್ಲಿ ಹೊಗೆ ಕಟ್ಟಿದ ಅಡುಗೆಮನೆಯ ಗಾಳಿಯೇ ಕಾಣುತ್ತದೆ. ಕೊಡಾಕ್‌ನವರ ಟ್ರೈ-ಎಕ್ಸ್ 1954ರಲ್ಲಿ 35 ಮಿಲಿಮೀಟರಿನಲ್ಲಿ ಬಂದಾಗ ಪತ್ರಿಕಾ ಛಾಯಾಗ್ರಾಹಕರಿಗೆ ಮನೆಯೊಳಗೆ, ಸಂಜೆಯ ಬೀದಿಯಲ್ಲಿ ಫ್ಲಾಶ್ ಇಲ್ಲದೆ ಚಿತ್ರ ತೆಗೆಯುವ ಧೈರ್ಯ ಬಂತು. ನಾನು ಹೆಚ್ಚಾಗಿ ಹಾಕುವುದು ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್. ಬೆಳಕು ಹಿಡಿಯುವ ವೇಗ 400. ತಪ್ಪು ಮಾಡುವವರನ್ನು ತಾಯಿಯಂತೆ ಸಹಿಸುವ ಫಿಲ್ಮು. ಮೊದಲ ಹತ್ತು ರೀಲು ಇದೊಂದನ್ನೇ ಹಾಕಿ, ಬದಲಾಯಿಸಬೇಡಿ. ಡೆಲ್ಟಾ 3200 ಎಂಬುದೂ ಇದೆ. ಡಬ್ಬಿಯ ಮೇಲೆ 3200 ಎಂದಿದ್ದರೂ ಅದರ ಸಹಜ ವೇಗ 1000ದ ಆಸುಪಾಸು. ಉಳಿದದ್ದನ್ನು ಹೆಚ್ಚು ಹೊತ್ತು ತೊಳೆದು ಗಳಿಸಿಕೊಳ್ಳಬೇಕು. ಬಣ್ಣ ಬೇಕೆನ್ನುವವರಿಗೆ ಸಿನಿಸ್ಟಿಲ್ 800ಟಿ. ಸಿನಿಮಾ ಫಿಲ್ಮಿನ ಬೆನ್ನಿನ ಕಪ್ಪು ಲೇಪ ತೆಗೆದು ಮಾಡಿದ್ದು. ಆ ಲೇಪವಿಲ್ಲದ ಕಾರಣ ಬೆಳಕು ಒಳಗೇ ಚಿಮ್ಮಿ ದೀಪಗಳ ಸುತ್ತ ಕೆಂಪು ಪ್ರಭೆ ಮೂಡುತ್ತದೆ. ದೀಪಾವಳಿಯ ರಾತ್ರಿ ನಮ್ಮ ಜಗುಲಿಯ ಹಣತೆಗಳು ಅದರಲ್ಲಿ ಒಂದೊಂದೂ ಕುಂಕುಮ ಹಚ್ಚಿಕೊಂಡಂತೆ ಬಂದಿವೆ.

ನನ್ನ ಚೀಲದಲ್ಲಿ ಒಂದು ಸಣ್ಣ ಪುಸ್ತಕವಿದೆ. ಅದರಲ್ಲಿ ಬರೆದಿಟ್ಟಿರುವುದು ಮಂದ ಬೆಳಕಿಗೆ ನಮ್ಮ ಭಾಷೆಯಲ್ಲಿರುವ ಹೆಸರುಗಳನ್ನು. ನಸುಕು, ಮಬ್ಬು, ಮುಸ್ಸಂಜೆ, ದೀಪ ಹಚ್ಚುವ ಹೊತ್ತು, ನಸುಗತ್ತಲು, ಬೆಳದಿಂಗಳು, ಕಾರ್ಗತ್ತಲು. ಹಿರಿಯರಿಗೆ ಇವು ಗಡಿಯಾರದ ಗಂಟೆಗಳಷ್ಟೇ ಬೇರೆಬೇರೆ. ಪ್ರತಿ ಹೆಸರಿನ ಎದುರು ನಾನು ಅಂಕಿ ಬರೆಯುತ್ತ ಬಂದಿದ್ದೇನೆ. ಮುಸ್ಸಂಜೆ, ತೋಟದಂಚು: 400ರ ಫಿಲ್ಮು, ಅಪರ್ಚರ್ 2.8, ವೇಗ 1/60. ದೀಪ ಹಚ್ಚಿದ ಮೇಲೆ, ಜಗುಲಿಯ ಬಲ್ಬು: 400, ಅಪರ್ಚರ್ 2, 1/30. ಹುಣ್ಣಿಮೆಯ ಅಂಗಳ: 400, ಅಪರ್ಚರ್ 2, ಎಂಟು ಸೆಕೆಂಡು. ಹೀಗೆ ಬರೆಯುತ್ತ ಬರೆಯುತ್ತ ಕಣ್ಣು ಪಳಗಿತು. ಈಗ ಒಂದು ಕೋಣೆಗೆ ಕಾಲಿಟ್ಟರೆ ಬೆಳಕು ಯಾವ ಕಡೆಯಿಂದ ಬಂದು ಎಲ್ಲಿ ಮುಗಿಯುತ್ತದೆ ಎಂದು ಮೊದಲು ಕಾಣುತ್ತದೆ, ಸಾಮಾನು ಆಮೇಲೆ.

ಹುಣ್ಣಿಮೆಯ ಎದುರಿನ ಎಂಟನ್ನು ಆಮೇಲೆ ಹೊಡೆದುಹಾಕಿ ಹದಿನೈದು ಎಂದು ತಿದ್ದಿದೆ. ಈ ತಿದ್ದುಪಡಿಯ ಹಿಂದಿನ ಸಂಗತಿ ನನಗೆ ಬಲು ಪ್ರಿಯ. ಹರಳಿನ ಮೇಲೆ ಬೆಳಕಿನ ಕಣ ಬಿದ್ದಾಗ ಬೆಳ್ಳಿಯ ಒಂದು ಪರಮಾಣು ಹುಟ್ಟುತ್ತದೆ. ಒಂಟಿಯಾಗಿ ಅದು ಬಹಳ ಹೊತ್ತು ಬಾಳದು. ಬೇಗನೆ ಇನ್ನೊಂದೆರಡು ಜೊತೆಯಾದರೆ ಮಾತ್ರ ಗುಂಪು ಗಟ್ಟಿಯಾಗಿ ಚಿತ್ರದ ಬೀಜವಾಗುತ್ತದೆ. ಬೆಳದಿಂಗಳಲ್ಲಿ ಕಣಗಳು ಬಿಡಿಬಿಡಿಯಾಗಿ ಬರುತ್ತವೆ. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಕರಗಿರುತ್ತದೆ. ಫಿಲ್ಮು ಮರೆತುಬಿಡುತ್ತದೆ. ಅದಕ್ಕೇ ಲೆಕ್ಕಕ್ಕಿಂತ ಹೆಚ್ಚು ಕಾಯಬೇಕು. ಎಚ್‌ಪಿ5ಗೆ ಹತ್ತು ಸೆಕೆಂಡು ಎಂದು ಲೆಕ್ಕ ಬಂದರೆ ಇಪ್ಪತ್ತು ಕೊಡಬೇಕು. 1930ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ರಾತ್ರಿಗಳನ್ನು ಗಾಜಿನ ಫಲಕಗಳಲ್ಲಿ ಹಿಡಿದ ಬ್ರಸಾಯ್ ಹೊತ್ತನ್ನು ಸಿಗರೇಟಿನಲ್ಲಿ ಅಳೆಯುತ್ತಿದ್ದರಂತೆ. ಇಷ್ಟು ಬೆಳಕಿಗೆ ಈ ಸಿಗರೇಟು, ಇನ್ನೂ ಕತ್ತಲೆಯಾದರೆ ನಿಧಾನವಾಗಿ ಉರಿಯುವ ದಪ್ಪನೆಯದು. ನಾನು ಅಂಗಳದಲ್ಲಿ ಸ್ಟ್ಯಾಂಡಿನ ಪಕ್ಕ ಕೂತು ಜೀರುಂಡೆಯ ಸದ್ದಿನ ನಡುವೆ ಒಂದು, ಎರಡು, ಮೂರು ಎಂದು ಎಣಿಸುತ್ತೇನೆ. ಹಾಗೆ ಎಣಿಸುತ್ತ ಕೂತಾಗ ಹದಿನೈದು ಸೆಕೆಂಡು ಎಷ್ಟು ಉದ್ದ ಎಂದು ಗೊತ್ತಾಗುತ್ತದೆ.

ಯಕ್ಷಗಾನದ ಬಯಲಾಟ ನನ್ನ ಎರಡನೆಯ ಪಾಠಶಾಲೆ. ಅಲ್ಲಿ ಎಚ್‌ಪಿ5 ಅನ್ನು 1600 ಎಂದುಕೊಂಡು ತೆಗೆಯುತ್ತೇನೆ. ರಂಗದ ದೀಪಗಳಿಗೆ ಅಪರ್ಚರ್ 2.8, ವೇಗ 1/125 ಸಿಗುತ್ತದೆ. ವೇಷ ಗಿರಕಿ ಹೊಡೆಯುವಾಗ ಅದು ಸಾಲದು. ಆದರೆ ಪ್ರತಿ ಕುಣಿತಕ್ಕೂ ಒಂದು ಬಿಡ್ತಿಗೆ ಇರುತ್ತದೆ. ಚೆಂಡೆಯ ಆ ಮುಕ್ತಾಯದ ಪೆಟ್ಟಿಗೆ ಕಾಲು ನೆಲ ಕಚ್ಚಿ, ಮೈ ಒಂದು ಗಳಿಗೆ ಸ್ತಬ್ಧವಾಗುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಅದು ತಿಳಿಯುತ್ತದೆ. ತಾಳ ಬಲ್ಲವನಿಗೆ ಶಟರ್ ಒತ್ತುವ ಗಳಿಗೆ ತಾನೇ ಬರುತ್ತದೆ. ರೀಲಿನಲ್ಲಿ ಮೂವತ್ತಾರೇ ಚಿತ್ರ, ಆಟ ಬೆಳಗಿನವರೆಗೆ. ಆದ್ದರಿಂದ ಹೆಚ್ಚು ಹೊತ್ತು ನೋಡುವುದು, ಕಡಿಮೆ ಒತ್ತುವುದು.

400ರ ಫಿಲ್ಮನ್ನು 1600ರಂತೆ ನಡೆಸಿಕೊಳ್ಳುವುದಕ್ಕೆ ಪುಶ್ ಮಾಡುವುದು ಎನ್ನುತ್ತಾರೆ. ಕಾಲುಭಾಗ ಬೆಳಕು ಕೊಟ್ಟು, ತೊಳೆಯುವ ಹೊತ್ತನ್ನು ಹೆಚ್ಚಿಸುವುದು. ಐಡಿ-11 ದ್ರಾವಣದಲ್ಲಿ, 20 ಡಿಗ್ರಿಯಲ್ಲಿ, 400ಕ್ಕೆ ಏಳೂವರೆ ನಿಮಿಷವಾದರೆ 1600ಕ್ಕೆ ಹದಿನಾಲ್ಕು. ಬೇಸಿಗೆಯಲ್ಲಿ ನಮ್ಮ ನೀರು 20ರ ಹತ್ತಿರವೂ ಇರುವುದಿಲ್ಲ. ಬಕೆಟ್ಟಿನಲ್ಲಿ ಮಂಜುಗಡ್ಡೆ ಹಾಕಿ ಅದರಲ್ಲಿ ಡಬ್ಬಿಗಳನ್ನು ತಣಿಯಲು ಇಡುತ್ತೇನೆ. ಫಿಲ್ಮನ್ನು ಸುರುಳಿಗೆ ಏರಿಸುವುದು ಕಪ್ಪು ಚೀಲದೊಳಗೆ ಕೈಯಿಟ್ಟು, ಬೆರಳಿನ ಅಂದಾಜಿನಲ್ಲೇ. ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡು ಡಬ್ಬಿಯನ್ನು ನಾಲ್ಕು ಸಲ ಮಗುಚುವುದು. ಆಮೇಲೆ ಹೈಪೋ, ಆಮೇಲೆ ನೀರು. ತೊಳೆದು ಬಿಚ್ಚಿದಾಗ ಒದ್ದೆ ಪಟ್ಟಿಯ ಮೇಲೆ ಸಾಲಾಗಿ ಚಿತ್ರಗಳು ಕಾಣುವ ಆ ಕ್ಷಣ ಎಷ್ಟು ವರ್ಷವಾದರೂ ಹಳತಾಗಿಲ್ಲ.

ಪುಶ್ ಮಾಡುವವರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೆಚ್ಚು ತೊಳೆದರೆ ಬೆಳಕು ಬಿದ್ದ ಜಾಗ ಮಾತ್ರ ಮೇಲೇಳುತ್ತದೆ. ಬೆಳಕೇ ಬೀಳದ ಜಾಗದಲ್ಲಿ ತೊಳೆಯುವ ದ್ರಾವಣಕ್ಕೆ ಹಿಡಿಯಲು ಬೀಜವೇ ಇರುವುದಿಲ್ಲ. ಅಲ್ಲಿ ಫಿಲ್ಮು ಬರಿದಾಗಿ ಉಳಿದು, ಕಾಗದದ ಮೇಲೆ ಅಪ್ಪಟ ಕಪ್ಪಾಗುತ್ತದೆ. ಮೊದಮೊದಲು ಇದು ನನಗೆ ನಷ್ಟವೆನಿಸುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಸುಕಿಗೇ ಎದ್ದು ಅಡುಗೆಮನೆಯ ಬಾಗಿಲ ದಾರಂದಕ್ಕೆ ಒರಗಿ ನಿಂತೆ. ದೊಡ್ಡಮ್ಮ ಒಲೆ ಹಚ್ಚುತ್ತಿದ್ದರು. ಗ್ಯಾಸಿದ್ದರೂ ಬೆಳಗಿನ ಮೊದಲ ನೀರು ಅವರಿಗೆ ಕಟ್ಟಿಗೆಯದ್ದೇ ಆಗಬೇಕು. ಬಲ್ಬು ಹಾಕಿರಲಿಲ್ಲ. ಇಡೀ ಕೋಣೆಯನ್ನು ನೋಡಿದರೆ ಮುಳ್ಳು ಕತ್ತಲೆಗೆ ಹೆದರಿ ತಪ್ಪು ಹೇಳುತ್ತದೆ. ಹಾಗಾಗಿ ಹತ್ತಿರ ಹೋಗಿ ಅವರ ಕೆನ್ನೆಯ ಮೇಲಿನ ಬೆಳಕನ್ನಷ್ಟೇ ಅಳೆದು ಬಂದೆ. 1600, ಅಪರ್ಚರ್ 2, 1/30. ಕೈಯಲ್ಲಿ ಹಿಡಿದು ತೆಗೆಯಲು 1/60 ಇದ್ದರೆ ಒಳ್ಳೆಯದು. ಇಲ್ಲಿ ದಾರಂದವೇ ನನ್ನ ಸ್ಟ್ಯಾಂಡು. ಅವರು ಊದುಕೊಳವೆಯಲ್ಲಿ ಊದಿದಾಗ ಕೆಂಡ ಕೆಂಪಾಗುತ್ತಿತ್ತು, ತಲೆ ಅಲುಗುತ್ತಿತ್ತು. ಊದಿ ಮುಗಿಸಿ ಕೊಳವೆ ಕೆಳಗಿಟ್ಟು, ಉರಿ ಹತ್ತಿತೇ ಎಂದು ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದರು. ನಾಲ್ಕನೆಯ ಸಲದ ಆ ನಿಲುಗಡೆಗೆ ನಾನೂ ಉಸಿರು ಬಿಟ್ಟು ಶಟರ್ ಒತ್ತಿದೆ.

ಯುಗಾದಿಗೆ ಪ್ರಿಂಟು ಕೊಟ್ಟೆ. ಕನ್ನಡಕ ಏರಿಸಿ, ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ಮುಖ, ಬೆಳ್ಳಿಕೂದಲ ಒಂದು ಎಳೆ, ಒಲೆಯ ಬಾಯಿ, ಹಂಡೆಯ ಅಂಚು ಇಷ್ಟೇ ಮೂಡಿದ್ದವು. ಉಳಿದ ಮುಕ್ಕಾಲು ಪಾಲು ಕಪ್ಪು. ಅವರ ಬೆರಳು ಮುಖದ ಮೇಲೆ ನಿಲ್ಲಲಿಲ್ಲ. ಆ ಕಪ್ಪಿನೊಳಕ್ಕೆ ಹೋಯಿತು.

“ಇಲ್ಲಿ ನೋಡು ಅಪ್ಪಿ, ಉಪ್ಪಿನ ಮರಿಗೆ. ಇದು ಕಡಗೋಲಿನ ಕಂಬ. ಮೇಲೆ ಅಟ್ಟ, ನಿಮ್ಮಜ್ಜಿ ಹುಣಸೆಹಣ್ಣಿನ ಮಡಕೆ ಇಡುತ್ತಿದ್ದದ್ದು.”

ನಾನು ಬಗ್ಗಿ ನೋಡಿದೆ. ಫಿಲ್ಮಿನಲ್ಲಿ ಆ ಜಾಗಕ್ಕೆ ಬೆಳ್ಳಿಯ ಒಂದು ಕಣವೂ ಮೂಡಿರಲಿಲ್ಲ. ಅವರ ಬೆರಳು ಮಾತ್ರ ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸುತ್ತಲೇ ಇತ್ತು.